ಕಾಕಾ ಇಟ್ಟಿದ್ದ ಮೂರನೇ ಕಾಮಾ

ಮೊನ್ನೆ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಹಮಾಲನೊಬ್ಬ ತೊಗರಿಬೇಳೆಯ ಚೀಲಗಳ ಮೇಲೆ ಕಪ್ಪು ಮಸಿಯಿಂದ ಗುರುತು ಹಾಕುತ್ತಿದ್ದ. ಆ ವಾಸನೆಗೆ ಕಾಲುಗಳು ಅಲ್ಲೇ ನಿಂತವು. ಅಚ್ಚಿನ ಮನೆ ನಡೆಸುತ್ತಿದ್ದ ಪ್ರೆಸ್ ಕಾಕಾರ ಅಂಗಿ ಸದಾ ಹೀಗೇ ನಾರುತ್ತಿತ್ತು…

ಬೀದರಿನಲ್ಲಿ ನಾನು ಕನ್ನಡ ಶಿಕ್ಷಕಿಯಾಗಿದ್ದಾಗ, ರವಿವಾರ ಅವರ ಪ್ರೆಸ್ಸಿಗೆ ಹೋಗಿ ಮದುವೆ ಪತ್ರಿಕೆಗಳ ತಪ್ಪು ತಿದ್ದುತ್ತಿದ್ದೆ. ಯಾರೇ ಬರಲಿ, ಕಾಕಾ ಮೊದಲು ಹುಟ್ಟಿದ ತಾರೀಖು ಕೇಳಿ ಅಂಕಿ ಕೂಡಿಸುತ್ತಿದ್ದರು. ತಾವು ಎಂಟರ ಅಂಕಿಯವರು, ಎಂಟರವರಿಗೆ ಎಲ್ಲವೂ ತಡವಾಗಿಯೇ ದಕ್ಕುತ್ತದೆ ಎಂದು ನಂಬಿದ್ದರು. ನನಗೆ ಅದು ನಗೆಯ ವಿಷಯ.

ಒಮ್ಮೆ ಠಾಣಾ ಕುಶನೂರಿನ ಕುರಿ ಸಾಕುವ ಮನೆಯವರ ಪತ್ರಿಕೆ ಬಂತು. ಸುಖಾಗಮನ ಬಯಸುವವರ ಸಾಲನ್ನು ಕಾಕಾ ಹೀಗೆ ಜೋಡಿಸಿದ್ದರು: ‘ಕಲ್ಲಪ್ಪ ಮತ್ತು ನೀಲವ್ವ, ಮಾಳಪ್ಪ ಮತ್ತು ಗಂಗವ್ವ, ಬೀರಪ್ಪ, ಮತ್ತು ಸಾಯವ್ವ.’

“ಮತ್ತು ಅನ್ನೂದಕ್ಕಿಂತ ಮೊದಲ ಕಾಮಾ ಯಾಕ್ರಿ ಕಾಕಾ?”

“ಮದುವಿ ಹುಡುಗಿ ಇಪ್ಪತ್ತೊಂದನೇ ತಾರೀಖಿಗೆ ಹುಟ್ಟಿದಾಕಿ. ಎರಡು, ಒಂದು, ಮೂರು. ಕಾಮಾನೂ ಮೂರು ಬಂದಾವ, ನೋಡ್ರಿ ಟೀಚರ್. ಇರಲಿ ಬಿಡ್ರಿ, ಬೇಕಾಗ್ತದ.”

ಮರುದಿನ ಅವರು ತೀರಿಕೊಂಡ ನೆಂಟರೊಬ್ಬರ ಮಣ್ಣಿಗೆಂದು ಭಾಲ್ಕಿಗೆ ಹೋದರು. ಅಂಕಿಯ ಹುಚ್ಚಿಗೆ ವ್ಯಾಕರಣ ಕೆಡಬಾರದೆಂದು ನಾನು ಮೂರನೇ ಕಾಮಾ ತೆಗೆದು ಅಚ್ಚಿಗೆ ಕೊಟ್ಟೆ.

ವಾರದೊಳಗೆ ಹುಡುಗಿಯ ತಂದೆ ಕಲ್ಲಪ್ಪ ಬಂದು, ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಆ ಸಾಲು ತೋರಿಸಿದರು. ಸಾಯವ್ವ ಅವರ ತೀರಿಹೋದ ಅಣ್ಣನ ಹೆಂಡತಿ. ಬೀರಪ್ಪ ಮದುವೆಯಾಗದ ತಮ್ಮ. ಕಾಮಾ ಇಲ್ಲದ ಸಾಲಿನಲ್ಲಿ ಅವರಿಬ್ಬರೂ ಗಂಡಹೆಂಡಿರಾಗಿದ್ದರು. ಊರು ನಗುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ, “ತಪ್ಪು ನಂದದರಿ” ಎಂದರು.

ಔರಾದಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮೂವರೂ ಕುಶನೂರಿಗೆ ಹೋದೆವು. ಸಾಯವ್ವ ನಾಲ್ಕು ದಿನದಿಂದ ಹೊಸ್ತಿಲು ದಾಟಿರಲಿಲ್ಲ. ಕಾಕಾ ಕೈಮುಗಿದು ಮತ್ತೆ ಅದೇ ಮಾತು ಹೇಳಿದರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ.

“ನನಗ ಓದಾಕ ಬರಂಗಿಲ್ಲ. ತಪ್ಪು ಎಲ್ಲಿ ಅದ ತೋರಸ್ರಿ,” ಎಂದಳು ಸಾಯವ್ವ.

ಕಾಕಾ ಪೆನ್ನು ತೆಗೆದು ಕಾಮಾ ಹಾಕಿ ತೋರಿಸಿದರು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

“ಇಷ್ಟಕ್ಕ ನಮ್ಮ ಬೀರಪ್ಪ ನಾಕು ದಿನ ಆತ್ರಿ, ಉಣ್ಣಾಕ ಮನಿಗಿ ಬಂದಿಲ್ಲ. ಕುರಿ ಜೋಡಿ ಅಡವ್ಯಾಗೇ ಅದಾನ. ನಾ ಎತ್ತಿ ಆಡಿಸಿದ ಕೂಸರಿ ಅಂವ.”

ಕಾಕಾ ಹೊಸ ಪತ್ರಿಕೆ ಅಚ್ಚು ಹಾಕಿಸಿದರು. ಕಲ್ಲಪ್ಪನ ಜೊತೆ ಮನೆಮನೆಗೆ ತಿರುಗಿ, ತಪ್ಪೊಪ್ಪಿಕೊಂಡು, ಹಳೆಯದನ್ನು ತಾವೇ ವಾಪಸು ತಂದರು. ಮದುವೆಯ ಹಂದರದಲ್ಲಿ ಸಾಯವ್ವ ಬೀರಪ್ಪನ ತಾಟಿಗೆ ಅನ್ನ ಬಡಿಸುವುದನ್ನು ನಾನೇ ಕಂಡೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಮೆಲ್ಲಗೆ ಹೇಳಿದರು: “ಅಂಕಿ ನಿಮಗ ಸುಳ್ಳು ಅನಸ್ತದ, ಅನಸ್ಲಿ. ಆದ್ರ ಆ ಕಾಮಾ ನಾ ಬರೇ ಅದಕ್ಕ ಇಟ್ಟಿರಲಿಲ್ರಿ. ನಮ್ಮವ್ವನೂ ಹಿಂಗೇ, ಅಪ್ಪ ಹೋದ ಮ್ಯಾಲ, ತುಂಬಿದ ಮನ್ಯಾಗ ಒಬ್ಬಾಕಿ ಇದ್ಲು…” ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಸಾಯವ್ವ ಈಗಿಲ್ಲ. ಕಾಕಾ ಹೋಗಿಯೂ ಎರಡು ವರ್ಷವಾಯಿತು. ಹೋದ ತಿಂಗಳು ಭಾಲ್ಕಿಯ ಬಸ್ಸಿನಲ್ಲಿ ಆ ಮದುವೆಯ ಹುಡುಗಿ ಸಿಕ್ಕಳು. ತಲೆಯಲ್ಲಿ ಬಿಳಿಕೂದಲು, ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗಳು. “ಪ್ರೆಸ್ಸಿನವರು ತಪ್ಪು ಮಾಡಿದ್ರೂ ಮನಿತನಕ ಬಂದಿದ್ರು ನೋಡ್ರಿ,” ಎಂದು ನೆನೆದಳು.

ತಪ್ಪು ಅವರದಲ್ಲ, ನನ್ನದು ಎಂದು ಆಗ ಹೇಳಿದೆ. ಮೊದಲ ಸಲ.

ಅವಳು, “ಕಾಕಾ ಇದ್ದಾಗ ಹೇಳಬೇಕಿತ್ರಿ, ಟೀಚರ್,” ಎಂದಳು.