ಕಣ್ಣು ಕಟ್ಟಿಕೊಂಡು ಜೀಪು ತುಂಬುವ ಅತ್ತಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಸ್ ಡಿಪೋದ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಜೀಪು ನಿಂತಿದೆ. ಅದರ ಹಿಂಬಾಗಿಲು ತೆರೆದಿದೆ. ಬಾಗಿಲಿಗೆ ಆತು ನಿಂತ ಹೆಂಗಸೊಬ್ಬರು ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಒಳಗೆ ಕೈಯಾಡಿಸುತ್ತಿದ್ದಾರೆ. ಬೆರಳು ಒಂದು ಚೀಲದ ಮೇಲೆ ನಿಲ್ಲುತ್ತದೆ. ಮರದ ಗುಂಡಿ. "ಕಂಬಳಿ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಪಕ್ಕದ್ದಕ್ಕೆ ಲಾಡಿ. "ಗಾಯದ ಬಟ್ಟೆ." ಅದರಾಚೆ ದಾರಕ್ಕೆ ಪೋಣಿಸಿದ ದಪ್ಪ ಮಣಿ. "ಚಾಕು." ಆಮೇಲೆ ಬೆರಳು ಏನನ್ನೋ ಹುಡುಕುತ್ತದೆ. ಸಿಗುವುದಿಲ್ಲ. ಟಾರ್ಚು ಇದ್ದ ಜಾಗದಿಂದ ಎರಡು ಬೆರಳು ಆಚೆಗೆ ಸರಿದಿದೆ, ಅಷ್ಟೇ. ಕಣ್ಣಿನ ಬಟ್ಟೆ ಬಿಚ್ಚಿ, ಟಾರ್ಚಿನ ಪಟ್ಟಿ ಬಿಗಿದು, ಮತ್ತೆ ಕಣ್ಣು ಕಟ್ಟಿಕೊಂಡು ಕಂಬಳಿಯಿಂದಲೇ ಶುರು ಮಾಡುತ್ತಾರೆ.

"ಬರೀ ಎರಡು ಬೆರಳು ತಾನೇ ಅನ್ನಿಸಬಹುದು ನಿಮಗೆ. ಅಲ್ಲಿ ಕತ್ತಲಿರತ್ತೆ, ಮೈಯೆಲ್ಲ ಕೆಸರಿರತ್ತೆ, ಪಕ್ಕದಲ್ಲಿ ಯಾರೋ ಕಿರುಚ್ತಿರ್ತಾರೆ. ಆಗ ಎಂಥವರ ಕೈಯಾದ್ರೂ ಪೆದ್ದಾಗತ್ತೆ. ಪೆದ್ದು ಕೈಗೂ ಸಿಗೋ ಹಾಗೆ ಇಡಬೇಕು."

ಊರಿಗೆಲ್ಲ ಅವರು ಅತ್ತಿಗೆ. ಬಸ್ಸಿನ ಸೀಟು, ಲಾರಿಯ ತಾಡಪಾಲು ಹೊಲಿಯುವುದು ಅವರ ಕಸುಬು. ಊರಿನ ಬೆನ್ನಿಗೆ ಅಂಟಿಕೊಂಡಂತೆ ಒಂದು ಗುಡ್ಡವಿದೆ. ಗುಡ್ಡವನ್ನು ಕೊರೆದು ರಸ್ತೆ ಮಾಡಿದ್ದಾರೆ. ಮಳೆ ಜೋರಾದರೆ ಆ ರಸ್ತೆ ಆಗಾಗ ಜಾರಿ ಕೆಳಗೆ ಬರುತ್ತದೆ, ಕೆಲವೊಮ್ಮೆ ತನ್ನ ಮೇಲಿದ್ದವರನ್ನೂ ಕರೆದುಕೊಂಡು. ಅಂಥ ಹೊತ್ತಿಗೆಂದು ಊರಿನವರೇ ಸೇರಿ ಹಳೆಯ ಜೀಪೊಂದನ್ನು ಸಜ್ಜು ಮಾಡಿಕೊಂಡಿದ್ದಾರೆ. ಅದರ ನಾಲ್ಕೂ ಚಕ್ರ ಎಳೆಯುತ್ತವೆ. ನೀರಿಗಿಳಿದರೂ ಎಂಜಿನ್ ನಿಂತುಹೋಗದಿರಲೆಂದು ಗಾಳಿ ಕೊಳವೆಯನ್ನು ಚಾವಣಿಯ ಎತ್ತರಕ್ಕೆ ಏರಿಸಿದ್ದಾರೆ. ಮುಂದಿನ ಬಂಪರಿನಲ್ಲಿ ಉಕ್ಕಿನ ಹಗ್ಗ ಸುತ್ತಿದ ವಿಂಚ್ ಇದೆ. ಹೂತುಹೋದ ಗಾಡಿಯನ್ನೂ, ಪ್ರಪಾತಕ್ಕೆ ವಾಲಿದ ಗಾಡಿಯನ್ನೂ ಅದು ಎಳೆದು ತರುತ್ತದೆ. ಜೀಪು ಓಡಿಸುವವರು, ಗಾಯಾಳುಗಳನ್ನು ಹೊರುವವರು ಎಲ್ಲರಿಗೂ ಗೊತ್ತು. ಅದರೊಳಗೆ ಸಾಮಾನು ಎಲ್ಲಿರಬೇಕೋ ಅಲ್ಲೇ ಇದೆಯೇ ಎಂದು ದಿನಾ ಬೆಳಿಗ್ಗೆ ಕಣ್ಣು ಕಟ್ಟಿಕೊಂಡು ತಡವಿ ನೋಡುವ ಅತ್ತಿಗೆಯನ್ನು ಗಮನಿಸಿದವರು ಕಡಿಮೆ.

ಅವರು ತುಂಬುವ ರೀತಿಯೇ ಬೇರೆ. ಮೊದಲು ಬೇಕಾಗುವುದು ಕಡೆಯಲ್ಲಿ ಒಳಗೆ ಹೋಗುತ್ತದೆ. ಸಲಿಕೆ ಬಾಗಿಲ ಹತ್ತಿರ, ಸ್ಟ್ರೆಚರ್ ಅದರ ಹಿಂದೆ, ಟೆಂಟು ಎಲ್ಲಕ್ಕಿಂತ ಒಳಗೆ. ಜ್ಯಾಕಿನ ಜೊತೆಗೇ ಅದರಡಿಗೆ ಇಡುವ ಹಲಗೆ, ಇಲ್ಲದಿದ್ದರೆ ಗಾಡಿ ಏಳುವ ಬದಲು ಜ್ಯಾಕೇ ಕೆಸರಿಗಿಳಿಯುತ್ತದೆ. ಪ್ರತಿ ಚೀಲದ ಬಾಯಿಗೂ ಬೇರೆ ಬೇರೆ ಬಗೆಯ ಗುರುತು ಹೊಲಿದಿದ್ದಾರೆ. ಗಂಟು ಮಾತ್ರ ಒಂದೇ ಬಗೆಯದು, ಒಂದೆಳೆ ಜಗ್ಗಿದರೆ ಬಿಚ್ಚಿಕೊಳ್ಳುವಂಥದ್ದು.

"ನಮ್ಮ ಅತ್ತಿಗೆ ಹತ್ರ ಬಿಟ್ರೆ ಸ್ಟೇರಿಂಗಿಗೂ ಲಾಡಿ ಕಟ್ತಾರೆ" ಎನ್ನುತ್ತಾಳೆ ಈಗ ಜೀಪು ಓಡಿಸುವ ನಾದಿನಿ. ಶೆಡ್ಡಿನ ಹಿಂದಿನ ಕೋಣೆಯಿಂದ ಎದ್ದು ಬಂದಿದ್ದಾಳೆ, ಬಾಯಲ್ಲಿ ಬ್ರಷ್ಷು, ಗಲ್ಲದ ಮೇಲೆ ನೊರೆ. "ಮೊದಲು ಟಾರ್ಚಿನ ಸೆಲ್ಲು ಖರ್ಚಾಗಬಾರದು ಅಂತ ಒಂದನ್ನ ಉಲ್ಟಾ ಹಾಕಿಡ್ತಿದ್ರು. ಕತ್ತಲಲ್ಲಿ ಸೆಲ್ಲು ತಿರುಗಿಸೋಕೆ ಇನ್ನೊಂದು ಟಾರ್ಚ್ ಬೇಕಾಗಿತ್ತು!"

"ಅದನ್ನ ಬಿಟ್ಟೆ ತಾನೇ? ಎಷ್ಟು ಸಲ ಎತ್ತಿ ಆಡ್ತೀಯ ಪುಟ್ಟಿ? ಹೋಗಿ ಬಾಯಿ ತೊಳ್ಕೋ."

"ತೊಳ್ಕೋತೀನಿ. ಆ ಕಲ್ಲಿನ ಸೀಟು ನನಗೆ ಬೇಡ ಅಂದ್ರೆ ಬೇಡ. ಕೂತು ಕೂತು ನನ್ನ ಸೊಂಟ ಹೋಯ್ತು."

ಕಲ್ಲಿನ ಸೀಟು ಎಂದರೆ ಡ್ರೈವರ್ ಸೀಟಿನ ಮೇಲೆ ಅತ್ತಿಗೆ ಹೊಲಿದು ಹಾಕಿದ ಗೋಣಿಯ ದಿಂಬು. ಒಳಗೆ ಮರಳು, ಎರಡೂ ತುದಿಗೆ ಗಟ್ಟಿ ಪಟ್ಟಿಯ ಕುಣಿಕೆ. ಅದನ್ನು ಹೊರಗೆಸೆದು ಮನೆಯಿಂದ ಹೂವಿನ ಚಿತ್ರದ ಮೆತ್ತನೆ ದಿಂಬು ತರುವೆನೆಂದು ನಾದಿನಿ ಕಳೆದ ವಾರದಿಂದ ಹೆದರಿಸುತ್ತಿದ್ದಾಳೆ. ಡ್ರೈವರ್ ಸೀಟು ಅವಳ ರಾಜ್ಯ. ಬೆಳಗಿನ ತಪಾಸಣೆಯಲ್ಲಿ ಅತ್ತಿಗೆಯ ಕೈ ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಕೈಯಿಟ್ಟರೆ ಮನೆಯಲ್ಲಿ ಜಗಳ.

ಶೆಡ್ಡಿನ ಮೂಲೆಯ ಮೇಜಿನ ಮುಂದೆ, ವೈರ್‌ಲೆಸ್ ಪೆಟ್ಟಿಗೆಯ ಪಕ್ಕ, ಅತ್ತಿಗೆಯ ಯಜಮಾನರು ಕೂತಿದ್ದಾರೆ. ಎಡಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ನೀಡಿಕೊಂಡಿದ್ದಾರೆ. ಆ ಕಾಲು ಮಂಡಿಯಲ್ಲಿ ಮಡಿಚುವುದಿಲ್ಲ. ಮೊದಲು ಜೀಪು ಓಡಿಸುತ್ತಿದ್ದವರು ಅವರೇ.

ವಿಂಚ್ ಎಳೆಯುವಾಗ ಉಕ್ಕಿನ ಹಗ್ಗದ ನಡುವೆ ಮರಳಿನ ಗೋಣಿಯೊಂದನ್ನು ಜೋತುಬಿಡಬೇಕು. ಹಗ್ಗ ಹರಿದರೆ ಗೋಣಿಯ ಭಾರ ಅದನ್ನು ನೆಲಕ್ಕೆ ಕೆಡವುತ್ತದೆ. ಗೋಣಿ ಇಲ್ಲದಿದ್ದರೆ ಹರಿದ ತುದಿ ಚಾವಟಿಯಂತೆ ಬೀಸಿ ಬರುತ್ತದೆ. ಮೂರು ವರ್ಷದ ಹಿಂದೆ ದೊಡ್ಡವರು ಯಾರೋ ಜೀಪು ನೋಡಲು ಬರುತ್ತಾರೆಂದು ತಂಡದವರು ಅದನ್ನು ತೊಳೆದು ಮಿಂಚಿಸಿದ್ದರು. ಕೊಳಕಾಗಿದ್ದ ಗೋಣಿಯನ್ನು ಖಾಲಿ ಮಾಡಿ, ಒಗೆದು, ಗೋಡೆಯ ಮೇಲೆ ಒಣಹಾಕಿದ್ದರು. ಮಾರನೇ ದಿನ ಕರೆ ಬಂತು. ಗೋಣಿ ಗೋಡೆಯ ಮೇಲೆಯೇ ಇತ್ತು. ಹಗ್ಗ ಹರಿಯಿತು.

"ಒಗೆದವನೂ ನಾನೇ, ಒದೆ ತಿಂದವನೂ ನಾನೇ" ಎಂದು ಯಜಮಾನರು ನಗುತ್ತಾರೆ. ಅತ್ತಿಗೆ ನಗುವುದಿಲ್ಲ. ಆ ದಿನ ಸಂಜೆ ಗಂಡನನ್ನು ಜೀಪಿನ ಹಿಂದೆ ಮಲಗಿಸಿಕೊಂಡು ತಂದಾಗ ಗಾಯದ ಬಟ್ಟೆ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಯಾರದೋ ಅಂಗಿ ಹರಿದು ಕಟ್ಟಿದ್ದರು. ಅಂದಿನಿಂದ ಜೀಪು ತುಂಬುವ ಕೆಲಸವನ್ನು ಅವರು ಯಾರನ್ನೂ ಕೇಳದೆ ಕೈಗೆತ್ತಿಕೊಂಡರು. ಅದಾದ ಕೆಲವೇ ತಿಂಗಳಿಗೆ ನಾದಿನಿ ಅಣ್ಣನ ಜಾಗದಲ್ಲಿ ಹೋಗಿ ಕೂತಳು. ಬೇಡವೆಂದು ಅತ್ತಿಗೆ ಕೈ ಹಿಡಿದುಕೊಂಡರೂ ಕೇಳಲಿಲ್ಲ.

"ನನಗೆ ಹೆದರಿಕೆ ಜಾಸ್ತಿ" ಎನ್ನುತ್ತಾರೆ ಅತ್ತಿಗೆ. "ಫೋನ್ ಹೊಡ್ಕೊಂಡ್ರೆ ಹೆದರಿಕೆ, ಹೊಡ್ಕೊಳ್ದಿದ್ರೆ ಲೈನ್ ಹೋಗಿದ್ಯೇನೋ ಅಂತ ಹೆದರಿಕೆ. ಧೈರ್ಯ ಇರೋರು ಜೀಪು ಓಡಿಸ್ಲಿ. ತುಂಬೋಕೆ ಹೆದರುಪುಕ್ಕಲರೇ ಸರಿ."

ಪತ್ರಿಕೆಯಿಂದ ಬಂದಿರುವ ಫೋಟೋಗ್ರಾಫರ್‌ಗೆ ಒಂದು ಆಸೆ. ಜೀಪಿನ ಸಾಮಾನನ್ನೆಲ್ಲ ಇಳಿಸಿ, ತಾಡಪಾಲಿನ ಮೇಲೆ ಸಾಲಾಗಿ ಹರಡಿ, ನಡುವೆ ಅತ್ತಿಗೆಯನ್ನು ಕೂರಿಸಿದರೆ ಚಿತ್ರ ಸೊಗಸಾಗಿರುತ್ತದೆ.

"ಆಗಲ್ಲ ತಮ್ಮಾ."

"ಹತ್ತೇ ನಿಮಿಷ ಮೇಡಂ. ನಾನೇ ವಾಪಸ್ ಜೋಡಿಸಿಕೊಡ್ತೀನಿ."

"ಮೇಲೆ ಗುಡ್ಡ ನೆಂದು ಮುದ್ದೆಯಾಗಿದೆ. ಒಂದು ಹಗ್ಗ ಇಳಿಸಿದ್ರೂ ನನ್ನ ಎದೆ ನಿಲ್ಲತ್ತೆ. ಇರೋ ಹಾಗೇ ತೆಗಿ, ಇಲ್ಲ ಬಿಡು."

ಕಡೆಗೆ ಒಂದು ಒಪ್ಪಂದವಾಗುತ್ತದೆ. ಏನನ್ನೂ ಇಳಿಸುವುದಿಲ್ಲ. ಅತ್ತಿಗೆ ಇನ್ನೊಮ್ಮೆ ಕಣ್ಣು ಕಟ್ಟಿಕೊಂಡು ಹಿಂಬಾಗಿಲಲ್ಲಿ ನಿಲ್ಲುತ್ತಾರೆ. ಅವನು ಕೆಳಗಿನಿಂದ ಚಿತ್ರ ತೆಗೆಯಬೇಕು, ನೆಲವೆಲ್ಲ ಒದ್ದೆ. ಆಚೀಚೆ ನೋಡುತ್ತಾನೆ. ಜೀಪಿನ ಮುಂಬದಿಗೆ ಹೋಗಿ ಬರುತ್ತಾನೆ. ಕಪ್ಪು ಬಟ್ಟೆಯೊಳಗಿನಿಂದ ಅತ್ತಿಗೆ ಹೆಜ್ಜೆಯ ಸದ್ದು ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಕ್ಯಾಮೆರಾ ಕ್ಲಿಕ್ಕಿಸುತ್ತದೆ. "ಕುತ್ತಿಗೆ ಸ್ವಲ್ಪ ಈ ಕಡೆ ಮೇಡಂ."

ಆಗಲೇ ವೈರ್‌ಲೆಸ್ ಗೊರಗುಟ್ಟುತ್ತದೆ. ಯಜಮಾನರು ಕೈಯೆತ್ತುತ್ತಾರೆ. ಶೆಡ್ಡು ಗಪ್‌ಚುಪ್. ಮೇಲಿನ ತಿರುವಿನಲ್ಲಿ ಕರೆಂಟು ರಿಪೇರಿಯವರ ಗಾಡಿ ಜಾರಿದೆ. ಒಂದು ಮರಕ್ಕೆ ಸಿಕ್ಕಿಕೊಂಡು ಪ್ರಪಾತದ ಅಂಚಿನಲ್ಲಿ ನಿಂತಿದೆ. ಒಳಗೆ ಇಬ್ಬರು ಲೈನ್‌ಮನ್‌ಗಳು. ಬಾಗಿಲು ತೆರೆದರೆ ಗಾಡಿ ವಾಲುತ್ತದಂತೆ.

ನಾದಿನಿಯ ಬಾಯಿಂದ ಬ್ರಷ್ಷು ಬಕೆಟ್ಟಿಗೆ ಹಾರುತ್ತದೆ. ಡಿಪೋದಿಂದ ತಂಡದ ಇಬ್ಬರು ಓಡಿ ಬಂದು ಹತ್ತುತ್ತಾರೆ. ಫೋಟೋಗ್ರಾಫರ್ ಎದ್ದು ಗೋಡೆಗೆ ಅಂಟಿಕೊಳ್ಳುತ್ತಾನೆ. ಅತ್ತಿಗೆ ಕಣ್ಣಿನ ಬಟ್ಟೆ ಕಿತ್ತು, ಹಿಂಬಾಗಿಲು ಹಾಕಿ, ಎರಡು ಸಲ ತಟ್ಟುತ್ತಾರೆ. ಎಲ್ಲ ಸರಿಯಿದೆ ಎಂದು ಅದರ ಅರ್ಥ. ಜೀಪು ಹೊಗೆಯುಗುಳುತ್ತ ಡಿಪೋದ ಗೇಟು ದಾಟುತ್ತದೆ.

ಹೊಗೆ ತಿಳಿಯಾದ ಮೇಲೆ, ಒದ್ದೆ ನೆಲದ ಮೇಲೆ, ಮಂಡಿಯ ಗುರುತು ಇನ್ನೂ ಮಾಸದ ಗೋಣಿಯೊಂದು ಕಾಣಿಸುತ್ತದೆ.

"ಇದು ಇಲ್ಲಿಗೆ ಹೇಗೆ ಬಂತು?" ಅತ್ತಿಗೆಯ ದನಿ ಸಣ್ಣದಾಗಿದೆ.

"ಮಂಡಿ ಊರೋಕೆ ಅಂತ... ಮುಂದೆ ಬಂಪರಲ್ಲಿ ಸಿಕ್ಕಿಸಿತ್ತು. ಹಳೇ ಚೀಲ ಅಂದ್ಕೊಂಡೆ ಮೇಡಂ."

ಅವರು ಬೈಯುವುದಿಲ್ಲ. ಗೋಣಿಯನ್ನು ಎದೆಗವಚಿಕೊಂಡು ಗೇಟಿನವರೆಗೆ ಓಡುತ್ತಾರೆ, ನಿಲ್ಲುತ್ತಾರೆ, ಹಿಂದಿರುಗುತ್ತಾರೆ. ಯಜಮಾನರು ವೈರ್‌ಲೆಸ್ಸಿನ ಗುಂಡಿ ಒತ್ತಿ ಹಿಡಿದಿದ್ದಾರೆ. "ಪುಟ್ಟಿ, ಗೋಣಿ ಇಲ್ಲ. ಕೇಳಿಸ್ತಾ? ಬಂಪರಲ್ಲಿ ಗೋಣಿ ಇಲ್ಲ." ಪೆಟ್ಟಿಗೆ ಬರೀ ಬುಸುಗುಡುತ್ತದೆ. ಮೊದಲ ತಿರುವು ದಾಟಿದರೆ ಗುಡ್ಡ ಅಡ್ಡ ಬಂದು ಮಾತು ತಲುಪುವುದಿಲ್ಲ. ಕರೆ ಬಂದದ್ದೂ ಗುಡ್ಡದ ನೆತ್ತಿಯ ಕಾವಲು ಕೋಣೆಯ ಮೂಲಕ. ಅಲ್ಲಿಂದ ತಿರುವಿಗೆ ಯಾರಾದರೂ ನಡೆದು ಹೋಗಿ ಹೇಳುವಷ್ಟರಲ್ಲಿ ವಿಂಚ್ ತಿರುಗಿರುತ್ತದೆ.

"ಏನೇ, ಆ ಮರಳಿನ ದಿಂಬು ಇದ್ಯಲ್ಲ ಸೀಟಲ್ಲಿ" ಎನ್ನುತ್ತಾರೆ ಯಜಮಾನರು.

"ಇದ್ಯಾ?"

ಆ ಒಂದು ಮಾತಿಗೆ ಮೂವರೂ ಹುಡುಕತೊಡಗುತ್ತಾರೆ. ಬೆಂಚಿನ ಕೆಳಗೆ, ಟೈರುಗಳ ಹಿಂದೆ, ನಾದಿನಿ ಮಲಗಿದ್ದ ಕೋಣೆಯಲ್ಲಿ. ಮರಳಿನ ದಿಂಬು ಇಲ್ಲಿ ಸಿಕ್ಕರೆ ಜೀಪಿನಲ್ಲಿಲ್ಲ ಎಂದರ್ಥ. ಏನನ್ನಾದರೂ ಹುಡುಕುತ್ತ, ಅದು ಸಿಗದಿರಲಿ ಎಂದು ಹೀಗೆ ಬೇಡಿಕೊಂಡದ್ದು ಇದೇ ಮೊದಲೆಂದು ಅತ್ತಿಗೆ ಆಮೇಲೆ ಹೇಳುತ್ತಾರೆ. ಸಿಗುವುದಿಲ್ಲ. ಆದರೆ ನಾದಿನಿ ಅದನ್ನು ನಿನ್ನೆಯೇ ಮನೆಗೆ ಒಯ್ದಿದ್ದರೆ? ಡಿಪೋದ ಹಿತ್ತಿಲಿಗೆಸೆದಿದ್ದರೆ? ಫೋಟೋಗ್ರಾಫರ್ ಹಿತ್ತಿಲಿಗೂ ಹೋಗಿ ಬರುತ್ತಾನೆ, ಪ್ಯಾಂಟೆಲ್ಲ ಕೆಸರು. ಯಾರೂ ಅವನನ್ನು ಕಳಿಸಿರಲಿಲ್ಲ.

ಮತ್ತೆ ಮಾಡಲು ಏನೂ ಉಳಿಯುವುದಿಲ್ಲ. ಅತ್ತಿಗೆ ಶೆಡ್ಡಿನಲ್ಲೇ ಇಟ್ಟುಕೊಂಡಿರುವ ಹೊಲಿಗೆ ಯಂತ್ರದ ಮುಂದೆ ಕೂತು, ಸೂಜಿಗೆ ದಾರ ಪೋಣಿಸುತ್ತಾರೆ, ಹೊಲಿಯುವುದಿಲ್ಲ. ವೈರ್‌ಲೆಸ್ಸಿನ ಬುಸುಗುಟ್ಟುವಿಕೆ ಒಂದೇ ಸಮನೆ ಕೇಳುತ್ತಿದೆ. ತಗಡಿನಿಂದ ನೀರು ತೊಟ್ಟಿಕ್ಕುತ್ತಿದೆ. ದೂರದಲ್ಲಿ ಗುಡ್ಡದ ಕಡೆಯಿಂದ ಏನೋ 'ಧಡ್' ಎಂದಾಗ ಯಜಮಾನರು ತಮ್ಮ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಡಿಪೋದಲ್ಲಿ ಬಸ್ಸೊಂದು ಬಾಗಿಲು ಹಾಕಿಕೊಂಡ ಸದ್ದು ಅದು. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.

ಬಿಸಿಲು ಶೆಡ್ಡಿನ ಬಾಗಿಲು ಮುಟ್ಟುವ ಹೊತ್ತಿಗೆ ಎಂಜಿನ್ನಿನ ಸದ್ದು ಕೇಳುತ್ತದೆ. ಕೆಸರಿನ ಮುದ್ದೆಯಂತೆ ಜೀಪು ಒಳಬರುತ್ತದೆ. ಹಿಂದಿನ ಸೀಟಿನಲ್ಲಿ ಇಬ್ಬರು ಲೈನ್‌ಮನ್‌ಗಳು, ಮರದ ಗುಂಡಿಯ ಚೀಲದ ಕಂಬಳಿ ಹೊದ್ದುಕೊಂಡು ಕೂತಿದ್ದಾರೆ. ಒಬ್ಬನ ಹಣೆಗೆ ಅಚ್ಚುಕಟ್ಟಾಗಿ ಬಿಳಿ ಬಟ್ಟೆ ಕಟ್ಟಿದೆ. ನಾದಿನಿ ಇಳಿಯುತ್ತಾಳೆ. ಅತ್ತಿಗೆ ಮೊದಲು ನೋಡುವುದು ಅವಳ ಕಾಲುಗಳನ್ನು. ಎರಡೂ ಮಡಿಚುತ್ತಿವೆ.

"ಗೋಣಿ ಎಲ್ಲಿ ಅತ್ತಿಗೆ? ಬಂಪರ್ ನೋಡ್ತೀನಿ, ಬೋಳು! ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ. ಬೈತಾ ಬೈತಾ, ಕೂತಿರೋದು ಯಾವುದರ ಮೇಲೆ ಅಂತ ನೆನಪಾಯ್ತು."

"ಎಸೆದಿರ್ಲಿಲ್ವಾ?"

"ಎಸೀಬೇಕು ಅಂತಾನೇ ಇದ್ದೆ. ಅಷ್ಟು ಭಾರ ಯಾರು ಎತ್ತೋದು ಅಂತ ಅದರ ಮೇಲೇ ಹೂವಿನ ದಿಂಬು ಹಾಕ್ಕೊಂಡಿದ್ದೆ." ಅವಳು ಸೀಟಿನ ಹಿಂದಿನಿಂದ ಮರಳಿನ ದಿಂಬನ್ನು ಎಳೆದು ನೆಲಕ್ಕೆ ಹಾಕುತ್ತಾಳೆ. ನಡುವೆ ಉದ್ದಕ್ಕೆ ಸೀಳಿದೆ. ಅರ್ಧ ಮರಳು ಚೆಲ್ಲಿದೆ. ಕುಣಿಕೆಗಳು ಮಾತ್ರ ಹಾಗೇ ಇವೆ. "ಇದನ್ನೇ ಹಗ್ಗಕ್ಕೆ ಜೋತುಬಿಟ್ವಿ. ಮೊದಲನೇ ಸಲ ಎಳೆದಾಗಲೇ ಹಗ್ಗ ಹರೀತು. ಟಪ್ ಅಂತು, ಕೆಸರಲ್ಲಿ ಬಿತ್ತು. ಆಮೇಲೆ ಗಾಡಿಗೂ ಜೀಪಿಗೂ ಅಗಲದ ಪಟ್ಟಿ ಕಟ್ಟಿ ಎಳೆದ್ವಿ."

ಅಣ್ಣನ ಕಡೆ ಅವಳು ನೋಡುವುದಿಲ್ಲ. ಅಣ್ಣ ವೈರ್‌ಲೆಸ್ ಆರಿಸಿ ಮತ್ತೆ ಹಾಕುತ್ತಾರೆ, ಕೈಗೊಂದು ಕೆಲಸ ಬೇಕೆಂಬಂತೆ. ಫೋಟೋಗ್ರಾಫರ್ ಏನೋ ಹೇಳಲು ಬಾಯಿ ತೆರೆಯುತ್ತಾನೆ. ಅತ್ತಿಗೆ ಅವನ ಕೈಗೆ ಬಂಪರಿನ ಗೋಣಿ ಕೊಡುತ್ತಾರೆ.

"ಎಲ್ಲಿಂದ ತಗೊಂಡ್ಯೋ ಅಲ್ಲೇ ಸಿಕ್ಕಿಸು. ಕಣ್ಮುಚ್ಕೊಂಡು ಸಿಕ್ಕಿಸು, ಕೈಗೆ ಗುರುತು ಸಿಗಲಿ."

ಅವನು ನಿಜವಾಗಿಯೂ ಕಣ್ಣು ಮುಚ್ಚಿಕೊಂಡು ಸಿಕ್ಕಿಸುತ್ತಾನೆ. ಅವನು ತೆಗೆದ ಚಿತ್ರಗಳಲ್ಲಿ ಈ ಪುಟಕ್ಕೆ ಆರಿಸಿದ್ದು ಸೀಳಿದ ದಿಂಬಿನದು.

ಗುಡ್ಡ ಇನ್ನೂ ಒದ್ದೆಯಿದೆ. ವಿಂಚಿಗೆ ಬೇರೆ ಹಗ್ಗ ಸುತ್ತಬೇಕು, ಕಂಬಳಿ ಒಗೆಯಬೇಕು, ಅದು ಒಣಗುವವರೆಗೆ ಅದರ ಜಾಗಕ್ಕೆ ಇನ್ನೊಂದು ಇಡಬೇಕು. ಅತ್ತಿಗೆ ದಿಂಬಿನ ಸೀಳಿಗೆ ಸೂಜಿ ಹಾಕುತ್ತಾರೆ. ಹೊಲಿಗೆ ನೇರವಾಗಿ ಸಾಗುತ್ತದೆ. ನಾದಿನಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಚೆಲ್ಲಿದಷ್ಟು ಮರಳನ್ನು ಮತ್ತೆ ತುಂಬಿಸಿಕೊಡುತ್ತಿದ್ದಾಳೆ. ಸೊಂಟದ ಮಾತು ಎತ್ತುವುದಿಲ್ಲ.

ಈ ಜೀಪಿಗೆ ಇನ್ನೇನು ಬೇಕೆಂದು ಕೇಳಿದರೆ ಅತ್ತಿಗೆ ಸೂಜಿ ನಿಲ್ಲಿಸದೆ ಹೇಳುತ್ತಾರೆ.

"ಏನೂ ಬೇಡ. ಇಲ್ಲೇ ನಿಂತು ನಿಂತು ಇದರ ಟೈರು ಬಿರುಕು ಬಿಡ್ಲಿ. ಒಳಗೆ ಜೇಡ ಗೂಡು ಕಟ್ಲಿ. ಅಷ್ಟೇ ನನ್ನಾಸೆ." ದಾರ ಕಡಿದು, ಗಂಟು ಹಾಕುತ್ತಾರೆ. "ದಿನಾ ಬೆಳಿಗ್ಗೆ ಆ ಜೇಡನ್ನ ಎಬ್ಬಿಸಿ, ಎಲ್ಲಾ ಜಾಗದಲ್ಲಿದ್ಯಾ ಅಂತ ನಾನು ಮುಟ್ಟಿ ನೋಡ್ತೀನಿ. ಅದು ಬೇರೆ ಮಾತು."