ಎರಡರ ಮೇಲೆ ನಿಂತ ಮುಳ್ಳು

ಸೊಹಾರ್‌ನ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಒಂದು ತೂಕದ ಯಂತ್ರ ಇದೆ. ಮನುಷ್ಯರು ನಿಲ್ಲಲೆಂದು ಮಾಡಿದ್ದು. ನಾವು ಕೊಂಡದ್ದು ಸೂಟ್‌ಕೇಸಿಗೆ. ಊರಿಗೆ ಹೊರಡುವ ವಾರ ಅದರ ಮೇಲೆ ಸೂಟ್‌ಕೇಸನ್ನು ನೆಟ್ಟಗೆ ನಿಲ್ಲಿಸಿ, ನೆಲಕ್ಕೆ ಕೆನ್ನೆ ತಾಗಿಸಿ ಮುಳ್ಳು ನೋಡುವುದು ನನ್ನ ಕೆಲಸ. ಒಮಾನಿಗೆ ಬಂದ ಮೇಲೆ ಏರ್‌ಪೋರ್ಟಿನಲ್ಲಿ ತೂಕ ಹೆಚ್ಚಾಯಿತೆಂದು ಒಮ್ಮೆಯೂ ನಾವು ಸೂಟ್‌ಕೇಸ್ ಬಿಚ್ಚಿದವರಲ್ಲ. ಮಗಳ ಮೊದಲ ಒಲಿಂಪಿಕ್ ಪ್ರಯತ್ನ ಕೆಟ್ಟದ್ದು ಈ ಹೆಮ್ಮೆಯಿಂದ.

ಬೆಂಗಳೂರಿಗೆ ಓದಲು ಹೋದವಳು ಅಲ್ಲಿ ರೋಯಿಂಗ್ ಹಚ್ಚಿಕೊಂಡಳು. ಕೆಲವೇ ವರ್ಷಗಳಲ್ಲಿ ದೇಶದ ತಂಡದ ಶಿಬಿರಕ್ಕೆ ಆಯ್ಕೆ ನಡೆಯುವ ಹಂತ ಮುಟ್ಟಿದಳು. ಆ ಶಿಬಿರ ಸೇರದೆ ಒಲಿಂಪಿಕ್ಸ್‌ನ ಮಾತೇ ಇಲ್ಲ. ಅವಳದು ಲೈಟ್‌ವೇಟ್ ವಿಭಾಗ. ಸ್ಪರ್ಧೆಯ ದಿನ ಐವತ್ತೊಂಬತ್ತು ಕಿಲೊ ದಾಟಿದರೆ ದೋಣಿ ಹತ್ತುವಂತಿಲ್ಲ. ಆಯ್ಕೆಗೆ ಎರಡು ತಿಂಗಳಿರುವಾಗ ಮನೆಗೆ ಬಂದು ನಡುಮನೆಯಲ್ಲಿ ರೋಯಿಂಗ್ ಮೆಷಿನ್ ಹೂಡಿದಳು. ಕೆಳಮನೆಯವರು ಬಂದು, ಹಿಟ್ಟಿನ ಗಿರಣಿ ಶುರು ಮಾಡಿದಿರಾ ಎಂದು ಕೇಳಿದರು.

ನಮ್ಮ ಯಂತ್ರದಲ್ಲಿ ಅವಳು ಅರವತ್ತೆರಡು. ಜಿಮ್ಮಿನದರಲ್ಲಿ ಅರವತ್ತು.

"ಯಾವ್ದನ್ನ ನಂಬೋದಪ್ಪ?" ಎಂದಳು.

"ನಮ್ಮದನ್ನೇ ನಂಬು. ಏರ್‌ಪೋರ್ಟಲ್ಲಿ ಒಂದು ಸಲಾನೂ ಕೈಕೊಟ್ಟಿಲ್ಲ."

ನಂಬಿದಳು. ಅನ್ನ ಬಿಟ್ಟಳು, ಆಮೇಲೆ ಚಪಾತಿಯನ್ನೂ ಬಿಟ್ಟಳು. ಮಂಗಳೂರಿನವಳಾದ ನನ್ನ ಹೆಂಡತಿ ನೀರುದೋಸೆಯ ಕಾವಲಿಯನ್ನು ಎತ್ತಿಟ್ಟು, "ಇದೆಂತ ಮಾರಾಯ್ರೆ, ದೋಣಿ ಓಡಿಸುವವಳಿಗೆ ಗಂಜಿಯೂ ಇಲ್ಲ," ಎಂದು ನನ್ನನ್ನೇ ಬೈಯುತ್ತಿದ್ದಳು. ನಮ್ಮ ಯಂತ್ರದಲ್ಲಿ ಐವತ್ತೊಂಬತ್ತಾಗಿ ಹೊರಟವಳಿಗೆ, ಆಯ್ಕೆಯ ಮುನ್ನಾದಿನ ಅಲ್ಲಿನ ಯಂತ್ರ ತೋರಿಸಿದ್ದು ಐವತ್ತೇಳು. ಒಂದು ಹೊತ್ತು ಹೊಟ್ಟೆ ತುಂಬ ಉಂಡರೆ ಎರಡು ತಿಂಗಳಲ್ಲಿ ಕಳೆದ ಕಸುವು ಬರುವುದಿಲ್ಲ. ಕೊನೆಯ ಐನೂರು ಮೀಟರಿನಲ್ಲಿ ತೋಳು ಸೋತು ಆರನೆಯವಳಾದಳು.

ನಮ್ಮ ಯಂತ್ರ ಎರಡು ಕಿಲೊ ಹೆಚ್ಚು ತೋರಿಸುತ್ತಿತ್ತು. ಸ್ಪ್ರಿಂಗ್ ಹಳತಾಗಿದೆ ಎಂದೆ. ನಾನು ಕಾರ್ಖಾನೆಯಲ್ಲಿ ಮೀಟರುಗಳನ್ನು ಸರಿಹೊಂದಿಸುವವನು. ನನ್ನ ಮಾತನ್ನು ಯಾರೂ ಪ್ರಶ್ನಿಸಲಿಲ್ಲ. ಒಳಗೆ ಮಾತ್ರ ನನಗೆ ನಿಜ ಆಗಷ್ಟೇ ನೆನಪಾಗಿತ್ತು: ಏರ್‌ಪೋರ್ಟಿನ ಹೆದರಿಕೆಗೆ ಹೆಂಡತಿಯೇ ಎಂದೋ ಯಂತ್ರದ ಅಂಚಿನಲ್ಲಿರುವ ಪುಟ್ಟ ಚಕ್ರ ತಿರುಗಿಸಿ ಮುಳ್ಳನ್ನು ಸೊನ್ನೆಯಿಂದ ಎರಡಕ್ಕೆ ತಂದಿಟ್ಟಿದ್ದಳು. ಅವಳು ಬಗ್ಗಿ ತಿರುಗಿಸುವಾಗಿನ ಬಳೆಯ ಸದ್ದು ಕೂಡ ನನಗೆ ನೆನಪಿತ್ತು. ಅವಳನ್ನು ಕಾಪಾಡಿದೆನೆಂದು ಸಣ್ಣ ಸಮಾಧಾನವೂ ಇತ್ತು.

ಆಮೇಲೆ ಇನ್ನೊಂದು ಪೆಟ್ಟು ಬಿತ್ತು. ಪ್ಯಾರಿಸ್ ಆದ ಮೇಲೆ ಒಲಿಂಪಿಕ್ಸ್‌ನಲ್ಲಿ ಲೈಟ್‌ವೇಟ್ ವಿಭಾಗವೇ ಇರುವುದಿಲ್ಲವೆಂದಾಯಿತು. "ಖಲಾಸ್," ಎಂದು ಫೋನ್ ಇಟ್ಟಳು. ಕೆಲವು ವಾರ ಬಿಟ್ಟು ಅವಳೇ ಮತ್ತೆ ಫೋನ್ ಮಾಡಿ, ಈಗ ಸಮುದ್ರದ ರೋಯಿಂಗ್ ಸೇರಿಸಿದ್ದಾರೆ ಎಂದಳು. ಮರಳಿನ ಮೇಲೆ ಓಡಿ, ಅಲೆಯಲ್ಲಿ ಒಬ್ಬರು ಹಿಡಿದು ನಿಂತ ದೋಣಿಗೆ ಹಾರಿ, ಹೋಗಿ ತಿರುಗಿ ಬಂದು ಮತ್ತೆ ಓಡಬೇಕು. "ತೂಕದ ಲಿಮಿಟ್ ಇಲ್ಲ ಅಪ್ಪ," ಎಂಬುದನ್ನು ಎರಡು ಸಲ ಹೇಳಿದಳು.

ಅವಳು ಮತ್ತೆ ಮನೆಗೆ ಬಂದ ಮೇಲೆ, ಪರಿಚಿತರೊಬ್ಬರ ಹಳೆಯ ದೋಣಿಯನ್ನು ಕಾರಿನ ತಲೆಗೆ ಕಟ್ಟಿ ಶುಕ್ರವಾರಗಳಲ್ಲಿ ಪಕ್ಕದೂರು ಸಹಮ್‌ನ ದಂಡೆಗೆ ಹೋಗತೊಡಗಿದೆವು. ದೋಣಿ ಹಿಡಿದು ನಿಲ್ಲುವವನು ನಾನು. ಮೊದಲ ದಿನ ಅಲೆ ನನ್ನನ್ನು ಮೂರು ಸಲ ಕೆಡವಿತು. ಬಲೆ ಹೆಣೆಯುತ್ತ ಕೂತಿದ್ದ ಒಮಾನಿ ಮುದುಕರೊಬ್ಬರು ಹಿಂದಿಯಲ್ಲಿ ಕೇಳಿದರು, "ಸದೀಕ್, ಗೆಳೆಯಾ, ದೋಣಿಯನ್ನು ನೀನು ಹಿಡಿದಿದ್ದೀಯೋ, ನಿನ್ನನ್ನು ದೋಣಿ ಹಿಡಿದಿದೆಯೋ?" ಮಗಳು ಹುಟ್ಟಿನ ಮೇಲೆ ಬಿದ್ದು ನಕ್ಕಳು. ದೊಡ್ಡ ಅಲೆಗಳನ್ನು ಹೋಗಬಿಟ್ಟು, ಹಿಂದೆ ಬರುವ ಸಪಾಟು ನೀರಿನಲ್ಲಿ ನುಗ್ಗಬೇಕೆಂದು ಕಲಿಸಿದವರು ಅವರೇ. ಆ ಗಳಿಗೆಗೆ "ಯಲ್ಲಾ" ಎಂದು ಕೂಗುತ್ತಿದ್ದರು, ಅವಳು ನುಗ್ಗುತ್ತಿದ್ದಳು.

ಆ ದಿನಗಳಲ್ಲೇ, ಸಹಮ್‌ಗೆ ಎಷ್ಟೋ ವರ್ಷಗಳ ಹಿಂದೆ ನಾವು ಮೊದಲು ಹೋದದ್ದು ಯಾವಾಗ ಎಂದು ನೋಡಲು ಹಳೆಯ ಡೈರಿ ತೆಗೆದೆ. ಒಂದು ಪುಟದಲ್ಲಿ ನನ್ನದೇ ಅಕ್ಷರ: "ಮುಳ್ಳನ್ನು ಎರಡಕ್ಕೆ ಇಟ್ಟೆ. ಇನ್ನು ಸೂಟ್‌ಕೇಸ್ ಬಿಚ್ಚುವ ಕಾಟ ಇಲ್ಲ." ಬಳೆಯ ಸದ್ದನ್ನು ನಾನು ಎಲ್ಲಿಂದ ತಂದೆನೋ ಇವತ್ತಿಗೂ ತಿಳಿಯದು.

ಮುಂದಿನ ಶುಕ್ರವಾರ, ಅವಳು ಮರಳಿನಲ್ಲಿ ಕೂತು ಪರೋಟ ತಿನ್ನುವಾಗ ಹೇಳಿಬಿಟ್ಟೆ.

"ಎರಡು ತಿಂಗಳು ನಾನು ಸೌತೆಕಾಯಿ ತಿಂದಿದ್ದು ನಿನ್ನ ಸೂಟ್‌ಕೇಸಿಗಾ?"

"ಹೌದು."

ಅರ್ಧ ಗಂಟೆ ಅವಳು ಒಬ್ಬಳೇ ದೋಣಿಯ ಮರಳು ತೊಳೆದಳು ಎಂದು ನನ್ನ ನೆನಪು. ಡೈರಿಯಲ್ಲಿ ಹತ್ತು ನಿಮಿಷ ಎಂದಿದೆ. ಆಮೇಲೆ ಕೈ ಚಾಚಿ, "ನಿನ್ನ ಪರೋಟ ಕೊಡು. ದಂಡ," ಎಂದಳು. ಕೊಟ್ಟೆ. ಮನೆಗೆ ಬಂದು ಹೆಂಡತಿಗೂ ಹೇಳಿದೆ. ನಾನು ಮನಸ್ಸಿನಲ್ಲೇ ಅವಳ ಮೇಲೆ ಹೊರಿಸಿದ್ದ ಆರೋಪಕ್ಕೆ ಅವಳು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಸಮುದ್ರದ ರೋಯಿಂಗ್ ಶಿಬಿರದ ಆಯ್ಕೆಗೆ ಹೊರಡುವ ದಿನ ಮಗಳು ತಾನೇ ಚಕ್ರ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದಳು. ಸೂಟ್‌ಕೇಸ್ ಮಿತಿಗೆ ಸರಿಯಾಗಿ ಮೂವತ್ತು ಕಿಲೊ ತೂಗಿತು. ಏರ್‌ಪೋರ್ಟಿನಲ್ಲಿ ಮೂವತ್ತೊಂದು. ಸಾಲಿನಲ್ಲಿ ಎಲ್ಲರೆದುರು ಮೊದಲ ಬಾರಿ ನಾವು ಸೂಟ್‌ಕೇಸ್ ಬಿಚ್ಚಿದೆವು. "ಮರ್ಯಾದೆ ಹೋಯ್ತು," ಎಂದು ಹೆಂಡತಿ ಶಾಲು ಮುಖಕ್ಕೆಳೆದಳು. ಮಗಳು ಹಲ್ವಾದ ಡಬ್ಬಿ ಹೊರಗೆ ತೆಗೆದು, ನೆಲದ ಮೇಲೆ ಕೂತು, ಹಿಂದೆ ನಿಂತವರಿಗೂ ಕೊಟ್ಟು, ಉಳಿದದ್ದನ್ನು ತಾನು ತಿಂದಳು.

ಐದನೆಯ ದಿನ ಫೋನ್ ಬಂತು. "ತಗೊಂಡ್ರಪ್ಪ. ನಾಲ್ಕು ಜನರಲ್ಲಿ ನಾನೊಬ್ಳು. ತೂಕ ಎಷ್ಟು ಅಂತ ಯಾರೂ ಕೇಳ್ಲೇ ಇಲ್ಲ."

ಒಲಿಂಪಿಕ್ಸ್ ಇನ್ನೂ ದೂರವಿದೆ, ದಾಟಬೇಕಾದ ಸ್ಪರ್ಧೆಗಳು ಎಷ್ಟೋ ಇವೆ. ಫೋನಿನಲ್ಲಿ ಆಯ್ಕೆಯ ಸುದ್ದಿ ಹೇಳುವಾಗ ಅವಳು ನಗುತ್ತಿದ್ದಳು ಎಂದು ನಾನು, ಅಳುತ್ತಿದ್ದಳು ಎಂದು ಹೆಂಡತಿ. ಡೈರಿಯಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ, ಹೆಂಡತಿಯದನ್ನು ಮೊದಲು.