ಮುಖ ಬಿಟ್ಟು ಕೈ ನೋಡಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಲೇಜು ಕಟ್ಟಡದ ನೆಲಮಾಳಿಗೆಯಲ್ಲಿ, ಕೊನೆಯ ಕೋಣೆಯಲ್ಲಿ, ಒಬ್ಬ ಹೆಂಗಸು ಪ್ಲಾಸ್ಟಿಕ್ ಬಟ್ಟಲೊಂದನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಿದ್ದಾರೆ. ಬಟ್ಟಲಲ್ಲಿರುವುದು ಅಂಟಂಟು ಜೆಲ್. ತಲೆಗೆ ಬಟ್ಟೆಯ ಟೋಪಿ ತೊಡಿಸಿ, ಅದರಲ್ಲಿರುವ ಲೋಹದ ಪುಟ್ಟ ಬಿಲ್ಲೆಗಳಿಂದ ಮೆದುಳಿನ ಅಲೆಗಳನ್ನು ಹಿಡಿಯಬೇಕಾದರೆ ಬಿಲ್ಲೆಗೂ ಚರ್ಮಕ್ಕೂ ನಡುವೆ ಇದು ಬೇಕು. "ತಣ್ಣಗಿದ್ರೆ ಜನ ಬೆಚ್ಚಿಬೀಳ್ತಾರೆ. ನಾನು ಅವರ ಖುಷಿ ಅಳೆಯೋಕೆ ಕೂತಿರ್ತೀನಿ, ಸಿಗೋದು ಗಾಬರಿ" ಎನ್ನುತ್ತಾರೆ.

ಇವರು ಮನಶ್ಶಾಸ್ತ್ರದ ಸಂಶೋಧಕಿ. ಇಷ್ಟು ಬೇಗ ಬರುವುದು ಶಿಸ್ತಿನಿಂದಲ್ಲ, ಲಿಫ್ಟಿನ ಕಾಟಕ್ಕೆ. ಪಕ್ಕದ ಗೋಡೆಯೊಳಗೆ ಅದು ಓಡಾಡಲು ಶುರುವಾದರೆ ಪರದೆಯ ಮೇಲಿನ ಗೆರೆಗಳೆಲ್ಲ ಅಡ್ಡಾದಿಡ್ಡಿ ಕುಣಿಯುತ್ತವೆ. ಗೇಟಿನಲ್ಲಿ ಇವರ ಹೆಸರು ಹೇಳಿದರೆ ಕಾವಲಿನವರು ಕಣ್ಣು ಕಣ್ಣು ಬಿಡುತ್ತಾರೆ. 'ಶಾಂಪೂ ಮೇಡಂ' ಎಂದರೆ ಬಾಗಿಲ ತನಕ ಬಂದು ಬಿಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಬಂದವರ ತಲೆಯ ಜೆಲ್ಲನ್ನು ಇವರೇ ಬೇಸಿನ್ನಿನಲ್ಲಿ ತೊಳೆದು ಕಳಿಸುವುದರಿಂದ ಬಂದ ಬಿರುದು ಅದು.

ಇವರು ತಲೆ ಕೆಡಿಸಿಕೊಂಡಿರುವುದು ಒಂದೇ ವಿಷಯಕ್ಕೆ: ಒಳಗಿನ ಭಾವನೆಗೂ ಹೊರಗಿನ ಮುಖಕ್ಕೂ ಯಾವಾಗ, ಯಾಕೆ ತಾಳ ತಪ್ಪುತ್ತದೆ? ಈ ಹುಚ್ಚು ಹತ್ತಿದ್ದು ಒಂದು ಏಟಿನಿಂದ. ಅಜ್ಜಿ ತೀರಿಕೊಂಡ ದಿನ, ಮನೆ ತುಂಬ ಜನ ಅಳುತ್ತಿದ್ದಾಗ, ಚಿಕ್ಕ ಹುಡುಗಿಯಾಗಿದ್ದ ಇವರಿಗೆ ತಡೆಯಲಾರದ ನಗು ಬಂತು. ಸೋದರತ್ತೆ ಕೆನ್ನೆಗೆ ಬಾರಿಸಿದರು. "ಅಜ್ಜಿ ಅಂದ್ರೆ ನಂಗೆ ಪ್ರಾಣ. ದುಃಖ ಇರ್ಲಿಲ್ಲ ಅಂತ ಯಾರು ಹೇಳಿದ್ದು? ನಗು ಬಂತು, ನಾನೇನು ಮಾಡ್ಲಿ?" ಎನ್ನುವಾಗ ಈಗಲೂ ಕೈ ಕೆನ್ನೆಗೆ ಹೋಗುತ್ತದೆ.

ಮನೆಯಲ್ಲಿ ಈ ಕೆಲಸಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. "ಊರವರ ತಲೆಯೆಲ್ಲ ನೋಡ್ತೀಯಲ್ಲ, ನನ್ನ ತಲೇಲಿ ಈಗ ಏನಿದೆ ಹೇಳೇ" ಎಂದು ತಾಯಿ ದಿನಾ ಕೆಣಕುತ್ತಾರೆ. "ಚಹಾ ಬೇಕು ಅಂತಿದೆ" ಎನ್ನುತ್ತಾರೆ ಮಗಳು. ಇಲ್ಲಿಯವರೆಗೆ ಒಮ್ಮೆಯೂ ತಪ್ಪಿಲ್ಲವಂತೆ. ಕಾಲೇಜಿನಲ್ಲೂ ಅಷ್ಟೇ. ಹೊಸ ಟೋಪಿ ಕೇಳಿ ಕೇಳಿ ಬಾಯಿ ನೋವಾಗಿ, ಹರಿದದ್ದನ್ನೇ ಸೂಜಿ ದಾರ ಹಿಡಿದು ಹೊಲಿದುಕೊಂಡಿದ್ದಾರೆ.

ಇವತ್ತು ಬಂದಿರುವವರು ಒಬ್ಬ ದರ್ಜಿ ಮತ್ತು ಅವರ ಹೆಂಡತಿ. ಕಳೆದ ವರ್ಷ ದರ್ಜಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. ಅದಕ್ಕಿಂತ ದೊಡ್ಡ ಪೀಡೆ ಅಳು. ಹೆಂಡತಿ ಹತ್ತಿರ ಕೂತರೆ ಅಳು, ಮಾತಾಡಿಸಿದರೆ ಬಿಕ್ಕಿ ಬಿಕ್ಕಿ ಅಳು. ಇದು ಕಾಯಿಲೆಯ ಅಳು, ದುಃಖದ್ದಲ್ಲ ಎಂದು ವೈದ್ಯರು ಹೇಳಿ ಮಾತ್ರೆಯನ್ನೂ ಕೊಟ್ಟಿದ್ದಾರೆ. ಹೆಂಡತಿ ಮಾತ್ರೆ ನುಂಗಿಸುತ್ತಾರೆ, ಮಾತನ್ನು ನಂಬುವುದಿಲ್ಲ.

"ಕಣ್ಣೀರು ಕಣ್ಣೀರೇ ಅಲ್ವಾ ಮೇಡಂ?" ಎಂದು ಹೊರಗಿನ ಬೆಂಚಿನಲ್ಲಿ ದನಿ ತಗ್ಗಿಸಿ ಹೇಳುತ್ತಾರೆ. "ನನ್ನ ಮೇಲೆ ಬೇಜಾರಾ ಅಂದ್ರೆ ಇಲ್ಲ ಅಂತ ತಲೆ ಅಲ್ಲಾಡಿಸ್ತಾರೆ, ಅಳ್ತಾನೇ ಅಲ್ಲಾಡಿಸ್ತಾರೆ. ನನ್ನ ಸಮಾಧಾನಕ್ಕೆ ಅಂತ ನಂಗೆ ಗೊತ್ತಾಗಲ್ವಾ? ಸೋಮವಾರ ನಾದಿನಿ ಬಂದು ಇವ್ರನ್ನ ಕರ್ಕೊಂಡು ಹೋಗ್ತಾಳೆ. ಅವಳ ಮನೇಲಾದ್ರೂ ನಗ್ತಾ ಇರ್ಲಿ."

ಸಂಶೋಧಕಿ ಸುಳ್ಳು ಭರವಸೆ ಕೊಡುವುದಿಲ್ಲ. "ಅಕ್ಕಾ, ಮೆದುಳಿನ ಗೆರೆ ನೋಡಿ ಪ್ರೀತಿ ಇದೆಯೋ ಇಲ್ವೋ ಹೇಳೋ ಮಷೀನು ನನ್ನ ಹತ್ರ ಇಲ್ಲ. ಅಣ್ಣನ್ನೇ ಕೇಳೋಣ" ಎನ್ನುತ್ತಾರೆ.

ಕೇಳುವ ಸಾಧನ ಒಂದು ಮರದ ಡಬ್ಬಿ. ಅದರ ಮೇಲೆ ಹಳೇ ರೇಡಿಯೊದಿಂದ ಕಿತ್ತು ಕೂರಿಸಿದ ಗುಂಡಿ. ಎಡಕ್ಕೆ ತಿರುಗಿಸಿದರೆ ಬೇಜಾರು, ಬಲಕ್ಕೆ ತಿರುಗಿಸಿದರೆ ಖುಷಿ. ಮುಖ ತನ್ನ ಪಾಡಿಗೆ ಏನಾದರೂ ಮಾಡಿಕೊಳ್ಳಲಿ, ಕೈ ಒಳಗಿನದ್ದನ್ನು ಹೇಳುತ್ತಿರಬೇಕು. ತಲೆಗೆ ತೊಡಿಸುವ ಮೊದಲು ಸಂಶೋಧಕಿ ಟೋಪಿಯನ್ನು ದರ್ಜಿಯ ಕೈಗೆ ಕೊಡುತ್ತಾರೆ. ಅವರು ತೇಪೆಯ ಮೇಲೆ ಬೆರಳಾಡಿಸಿ, ಹೊಲಿಗೆಯನ್ನು ಕಣ್ಣ ಹತ್ತಿರ ತಂದು, ಮುಖ ಕಿವುಚುತ್ತಾರೆ. "ಗೊತ್ತಣ್ಣಾ, ಗೊತ್ತು. ಬಯ್ಯಬೇಡಿ" ಎಂದು ಸಂಶೋಧಕಿ ನಗುತ್ತಾರೆ.

ದರ್ಜಿಯ ಎದುರಿನ ಪರದೆಯ ಮೇಲೆ ನಗೆಯ ವಿಡಿಯೊ ತುಣುಕುಗಳು ಓಡುತ್ತವೆ. ಬೆಕ್ಕು ಕಪಾಟಿನಿಂದ ಜಾರುತ್ತದೆ, ಮಗು ಟೋಪಿಯೊಳಗೆ ಮುಳುಗುತ್ತದೆ. ದರ್ಜಿ ಅಳುವುದೂ ಇಲ್ಲ, ನಗುವುದೂ ಇಲ್ಲ. ಗುಂಡಿ ನಡುವೆಯೇ ನಿಂತಿದೆ. ಸಂಶೋಧಕಿ ಕೊಂಚ ಯೋಚಿಸಿ, ಹೊರಗೆ ಕೂತ ಹೆಂಡತಿಯನ್ನು ಒಳಗೆ ಕರೆದು ಗಂಡನ ಎದುರು ಕೂರಿಸುತ್ತಾರೆ. ಹಿಂದೆ ಅಣ್ಣ ಬಿದ್ದೂ ಬಿದ್ದೂ ನಕ್ಕಿದ್ದು ಯಾವುದಕ್ಕೋ ಅದನ್ನೇ ಹೇಳಿ ಎನ್ನುತ್ತಾರೆ.

"ನಾನು ಬಾಯಿ ಬಿಟ್ರೆ ಅಳ್ತಾರೆ ಮೇಡಂ."

"ಅಳ್ಲಿ ಬಿಡಿ. ನೀವು ಮಾತ್ರ ಮುಖ ನೋಡ್ಬೇಡಿ. ಕೈ ನೋಡಿ."

ಹೆಂಡತಿ ಸೆರಗಿನ ತುದಿ ಹಿಂಡುತ್ತ ಶುರು ಮಾಡುತ್ತಾರೆ. "ಮದುವೆಗೆ ಮುಂಚೆ ನಾನು ಇವ್ರ ಅಂಗಡಿ ಎದುರು ಔಷಧಿ ಅಂಗಡೀಲಿ ಕೆಲಸಕ್ಕಿದ್ದೆ. ಇವ್ರ ಕಣ್ಣು ಬಟ್ಟೆ ಮೇಲೆ ಎಲ್ಲಿರ್ತಿತ್ತು? ಒಂದ್ಸಲ ಯಾವನೋ ಮದುಮಗನ ಕೋಟಿಗೆ ಎರಡೂ ಎಡಗೈ ತೋಳೇ ಹೊಲಿದುಬಿಟ್ರು. ಪಾಪ, ಅವನು ಬೀಗರ ಕೈ ಕುಲುಕೋಕೆ ಹೋದ್ರೆ ತೋಳು ಹಿಂದಕ್ಕೆ ಎಳೀತಿತ್ತಂತೆ..."

ದರ್ಜಿಯ ತುಟಿ ಸೊಟ್ಟಗಾಗುತ್ತದೆ. ಮರುಕ್ಷಣ ಗೋಳೋ ಎಂದು ಅಳು ಒಡೆಯುತ್ತದೆ. ಹೆಂಡತಿ ಮಾತು ನಿಲ್ಲಿಸಿ ಗಂಡನ ಕಣ್ಣೊರೆಸಲು ಎದ್ದವರು, ಸಂಶೋಧಕಿ ಬೆರಳು ತೋರಿಸಿದ ಕಡೆ ನೋಡಿ ಅಲ್ಲೇ ನಿಲ್ಲುತ್ತಾರೆ. ಗುಂಡಿ ಬಲತುದಿಗೆ ಹೋಗಿ ನಿಂತಿದೆ. ದರ್ಜಿಗೆ ಅಷ್ಟು ಸಾಲದು. ಎಡಗೈಯಿಂದ ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ ಎಂದು ಒತ್ತಿ ತಿರುವುತ್ತಿದ್ದಾರೆ. ಟಕ್ ಎಂದು ಗುಂಡಿ ಕಿತ್ತು ಕೈಗೆ ಬರುತ್ತದೆ. ಅಳುತ್ತಲೇ ಅದನ್ನು ಹೆಂಡತಿಯ ಕಡೆ ಚಾಚುತ್ತಾರೆ.

ಹೆಂಡತಿ ಅದನ್ನು ತೆಗೆದುಕೊಂಡು ಎದೆಗೊತ್ತಿಕೊಳ್ಳುತ್ತಾರೆ. "ಒಂದು ವರ್ಷ ನನ್ನ ಹೊಟ್ಟೆ ಉರಿಸಿದ್ರಲ್ರೀ!" ಎಂದು ಗದರಿ, ತಾವೂ ಅಳಲು ಕೂರುತ್ತಾರೆ. ಪರದೆಯ ಮೇಲೆ ಗೆರೆಗಳು ಚೆಲ್ಲಾಪಿಲ್ಲಿಯಾಗಿವೆ. "ಮಾತಾಡಿದ್ರು, ಅಲ್ಲಾಡಿದ್ರು, ಅತ್ರು. ಈ ರೆಕಾರ್ಡಿಂಗ್ ಲೆಕ್ಕಕ್ಕಿಲ್ಲ" ಎಂದು ಸಂಶೋಧಕಿ ಕಣ್ಣೊರೆಸಿಕೊಂಡು ಯಂತ್ರ ಆರಿಸುತ್ತಾರೆ. ಬೆಳಗಿನ ಶ್ರಮವೆಲ್ಲ ನೀರುಪಾಲಾಗಿದೆ. ಇಷ್ಟು ಸಂತೋಷದಿಂದ ಕೆಲಸ ಕೆಡಿಸಿಕೊಂಡವರನ್ನು ನೋಡುವುದು ಅಪರೂಪ.

ಲಿಫ್ಟ್ ಓಡಲು ಶುರುವಾಗಿದೆ. ಸಂಶೋಧಕಿ ಅಂಗಿಯ ತೋಳು ಮೇಲಕ್ಕೆ ಮಡಚಿ, ದರ್ಜಿಯ ತಲೆಯನ್ನು ಬೇಸಿನ್ನಿಗೆ ಬಗ್ಗಿಸಿ, ಉಗುರುಬೆಚ್ಚಗಿನ ನೀರು ಹಾಕುತ್ತಿದ್ದಾರೆ. ಹೊರಗೆ ಹೆಂಡತಿ ಫೋನಿನಲ್ಲಿ ನಾದಿನಿಗೆ ಹೇಳುತ್ತಿರುವುದು ಕೇಳಿಸುತ್ತದೆ: "ಸೋಮವಾರ ಬಾ, ಊಟ ಮಾಡ್ಕೊಂಡು ಹೋಗು. ನಿಮ್ಮಣ್ಣ ಎಲ್ಲಿಗೂ ಬರಲ್ಲ." ಗುಂಡಿ ಇನ್ನೂ ಅವರ ಮುಷ್ಟಿಯಲ್ಲೇ ಇದೆ. ಅದನ್ನು ವಾಪಸು ಕೇಳುವ ಮನಸ್ಸು ಸಂಶೋಧಕಿಗಿಲ್ಲ.

ಈ ಕೋಣೆಗೆ ಏನಾದರೂ ಬೇಕೇ ಎಂದು ಕೇಳಿದರೆ, ಹೊಸ ಟೋಪಿಯ ಮಾತನ್ನೇ ಅವರು ಎತ್ತುವುದಿಲ್ಲ. ನೊರೆಗೈಯಿಂದ ಹಣೆಯ ಕೂದಲು ಸರಿಸಿಕೊಂಡು ನಗುತ್ತಾರೆ.

"ಒಂದು ಗುಂಡಿ ಸಿಕ್ರೆ ಸಾಕು. ಈ ಸಲ ಬಲಕ್ಕೆ ಇನ್ನೂ ಸ್ವಲ್ಪ ಜಾಸ್ತಿ ತಿರುಗೋ ಅಂಥದ್ದು."